ಮಸಾಲೆ ಕಾಫಿ: ಯಾವುದು ನೀರಿಗೆ, ಯಾವುದು ಪಾಕಕ್ಕೆ, ಯಾವುದು ಹಾಲಿಗೆ

ಮುಂಬೈಯ ಮರಾಠಿ ಮನೆಗಳ ಕಾಫಿಯಲ್ಲಿ ಜಾಯಿಕಾಯಿ, ಏಲಕ್ಕಿಯ ಘಮ ಸಾಮಾನ್ಯ. ನಮ್ಮ ಕನ್ನಡದ ಮನೆಗಳಲ್ಲಿ ಫಿಲ್ಟರ್ ಕಾಫಿಗೆ ಇನ್ನೇನನ್ನಾದರೂ ಬೆರೆಸುವುದೆಂದರೆ ಈಗಲೂ ಮುಖ ಸಿಂಡರಿಸುವವರಿದ್ದಾರೆ. ಮಾಟುಂಗಾ, ಡೊಂಬಿವಲಿ, ಪುಣೆ, ವಾಸ್ಕೋ ಎಲ್ಲೇ ಇರಲಿ, ಈ ಎರಡೂ ರುಚಿಗಳ ನಡುವೆ ಇರುವವರು ಒಂದಲ್ಲ ಒಂದು ದಿನ ಡಿಕಾಕ್ಷನ್ನಿಗೆ ಮಸಾಲೆ ಹಾಕಿ ನೋಡುತ್ತಾರೆ. ಬಾಯಿಗಿಟ್ಟರೆ ಕಷಾಯದ ರುಚಿ, ಲೋಟದ ತಳದಲ್ಲಿ ಮರಳಿನಂಥ ಪುಡಿ, ಕೆಲವೊಮ್ಮೆ ಒಡೆದ ಹಾಲು. ಮಸಾಲೆ ಜಾಸ್ತಿಯಾಯಿತು ಅಂದುಕೊಂಡು ಮರುದಿನ ಕಡಿಮೆ ಹಾಕಿದರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಯಾಕೆಂದರೆ ಬಹಳಷ್ಟು ಸಲ ತಪ್ಪಿರುವುದು ಮಸಾಲೆ ಸೇರಿದ ಜಾಗ.

ಚಕ್ಕೆ, ಲವಂಗ, ಚಕ್ರಮೊಗ್ಗಿನಂಥ ಗಟ್ಟಿ ಮಸಾಲೆ ರಸ ಬಿಡಲು ಹೊತ್ತು ಬೇಕು. ಅವು ಸಕ್ಕರೆ ಪಾಕಕ್ಕೆ ಸೇರಬೇಕು. ಒಣಶುಂಠಿ, ಕಾಳುಮೆಣಸು, ಕೊತ್ತಂಬರಿ ಬೀಜ ನೀರಿನಲ್ಲಿ ಕುದಿಯಬೇಕು. ಏಲಕ್ಕಿ, ಜಾಯಿಕಾಯಿ ಹಾಲಿನವು. ಅವುಗಳ ಸುವಾಸನೆಯ ಎಣ್ಣೆ ಹಾಲಿನ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಕುದಿಸಿದರೆ ಅಷ್ಟೇ ಬೇಗ ಹಬೆಯ ಜೊತೆ ಹಾರಿ ಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡಿ ಡಬ್ಬಿಯಲ್ಲಿಟ್ಟು ಲೋಟದ ಮೇಲೆ ಉದುರಿಸುವುದು ಸುಲಭ, ಆದರೆ ಅದರಿಂದ ಒಳ್ಳೆಯ ಕಾಫಿ ಬರುವುದಿಲ್ಲ. ಮುಖ್ಯವಾಗಿ ಚಕ್ಕೆ ಪುಡಿ ನೀರಿನಲ್ಲಿ ಕರಗುವ ವಸ್ತುವೇ ಅಲ್ಲ. ಬಿಸಿ ತಗುಲಿದ ಕೂಡಲೇ ಲೋಳೆಯಾಗಿ, ಕೊನೆಯ ಗುಟುಕಿಗೆ ಗಂಟಲಲ್ಲಿ ನಿಲ್ಲುತ್ತದೆ.

ಫಿಲ್ಟರಿನೊಳಗೆ ಕಾಫಿಪುಡಿಯ ಜೊತೆಗೇ ಏಲಕ್ಕಿ ಪುಡಿ ಹಾಕುವವರೂ ಇದ್ದಾರೆ. ಅದೂ ಬೇಡ. ನುಣ್ಣನೆಯ ಮಸಾಲೆ ಪುಡಿ ತೂತುಗಳನ್ನು ಕಟ್ಟುತ್ತದೆ, ಅರ್ಧ ಘಮ ಚರಟದಲ್ಲೇ ಉಳಿಯುತ್ತದೆ.

ಮೊದಲು ಡಿಕಾಕ್ಷನ್

ಮಸಾಲೆ ಕಾಫಿಗೆ ಡಿಕಾಕ್ಷನ್ ಎಂದಿಗಿಂತ ಗಟ್ಟಿ ಇರಬೇಕು. 30 ಗ್ರಾಂ ಪುಡಿಗೆ 180 ಮಿ.ಲೀ. ನೀರು ಹಿಡಿದರೆ ಸರಿ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕೆಳಗೆ ಇಳಿಯುವುದು 120 ಮಿ.ಲೀ. ಮಾತ್ರ. ಅದು ಮೂರು ಲೋಟ ಕಾಫಿಗೆ ಸಾಕು. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟೇ ಸುರಿಯಿರಿ. ಒಂದು ನಿಮಿಷದ ನಂತರ ಉಳಿದದ್ದು.

ಚಿಕೋರಿ ವಿಷಯದಲ್ಲಿ ಸ್ವಲ್ಪ ಹಠ ಹಿಡಿಯುವುದು ಒಳ್ಳೆಯದು. ನಮ್ಮ ದೇಶದ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ 51% ಇದ್ದರೂ ಸಾಕು, ಆದರೆ ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಲೇಬೇಕು. ಓದಿ ಕೊಳ್ಳಿ. ಮಸಾಲೆ ಸೇರುವ ಕಾಫಿಗೆ ಚಿಕೋರಿ 20% ದಾಟಬಾರದು. ಅದರ ಸುಟ್ಟ ಕಹಿಗೆ ಲವಂಗದ ಕಹಿ ಸೇರಿದರೆ ಮುಂದೆ ಎಷ್ಟು ಸಕ್ಕರೆ ಸುರಿದರೂ ಸರಿಹೋಗುವುದಿಲ್ಲ. ಮಾಟುಂಗಾದ ಕಾಫಿಪುಡಿ ಅಂಗಡಿಗಳಲ್ಲಿ ಎದುರಿಗೇ ಬೀಸಿ ಕೊಡುತ್ತಾರೆ. 85ಕ್ಕೆ 15 ಅಂತ ಹೇಳಿ, ಮಳೆಗಾಲದಲ್ಲಿ 200 ಗ್ರಾಂಗಿಂತ ಹೆಚ್ಚು ತರಬೇಡಿ.

ಡಿಕಾಕ್ಷನ್ ಇಳಿಯದೆ ನಿಂತಿತೇ? ಬಿಲ್ಲೆಯನ್ನು ಜೋರಾಗಿ ಒತ್ತಿದ್ದೀರಿ, ಇಲ್ಲವೇ ಪುಡಿ ತೀರಾ ನುಣ್ಣಗಿದೆ. ಇನ್ನೊಂದು ಕಾರಣ ಹಲವರಿಗೆ ಹೊಳೆಯುವುದಿಲ್ಲ. ಮೇಲಿನ ಪಾತ್ರೆ ಕೆಳಗಿನದರಲ್ಲಿ ಬಿಗಿಯಾಗಿ ಕೂತರೆ ಒಳಗಿನ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ, ಹನಿ ಬೀಳುವುದು ನಿಲ್ಲುತ್ತದೆ. ಮೇಲಿನದನ್ನು ಒಮ್ಮೆ ಸ್ವಲ್ಪ ಎತ್ತಿ ಮತ್ತೆ ಇಟ್ಟರೆ ಇಳಿಯತೊಡಗುತ್ತದೆ.

ನೀರಿನ ಬಗ್ಗೆ ಒಂದೇ ಮಾತು. ಮುಂಬೈಯ ಪಾಲಿಕೆ ನಲ್ಲಿಯಲ್ಲಿ ಬರುವುದು ಕೆರೆ, ಅಣೆಕಟ್ಟೆಗಳ ಮೆದು ನೀರು, ಕಾಫಿಗೆ ಚೆನ್ನ. ಪುಣೆಯ ಹೊರವಲಯದ ಕಟ್ಟಡಗಳಲ್ಲಿ ಬೋರ್‌ವೆಲ್ಲಿನದೋ ಟ್ಯಾಂಕರಿನದೋ ಗಡಸು ನೀರಾದರೆ ಕಾಫಿ ಸಪ್ಪೆ ಹೊಡೆಯುತ್ತದೆ. ಅಂಥಲ್ಲಿ ಗಡಸುತನ ತೆಗೆಯುವ ಆರ್‌ಒ ಫಿಲ್ಟರಿನ ನೀರನ್ನೇ ಬಳಸಿ.

ಪಾಕ

ಇದೊಂದನ್ನು ಮಾಡಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಚಿಂತೆಯಿಲ್ಲ. 200 ಮಿ.ಲೀ. ನೀರಿಗೆ ಎರಡಿಂಚಿನ ಎರಡು ಚಕ್ಕೆ, ನಾಲ್ಕು ಲವಂಗ, ಜಜ್ಜಿದ ಒಂದಿಂಚು ಒಣಶುಂಠಿ, ಎಂಟು ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ 10 ನಿಮಿಷ ಬಿಡಿ. ಈಗ ಲವಂಗ ನಾಲ್ಕನ್ನೂ ಎಣಿಸಿ ತೆಗೆಯಿರಿ. ಅವು ಒಳಗೇ ಉಳಿದರೆ ಪಾಕವೆಲ್ಲ ಹಲ್ಲುನೋವಿನ ಔಷಧಿಯ ವಾಸನೆ ಹೊಡೆಯುತ್ತದೆ. ಲವಂಗದಲ್ಲಿರುವ ಯೂಜಿನಾಲ್ ಎಂಬ ಅಂಶವೇ ಎರಡೂ ಕಡೆ ಇರುವುದು. ಬಳಿಕ 200 ಗ್ರಾಂ ಸಕ್ಕರೆ ಹಾಕಿ, ಕರಗಿದ ಕೂಡಲೇ ಒಲೆ ಆರಿಸಿ, ಅರ್ಧ ಗಂಟೆ ಮುಚ್ಚಿಟ್ಟು ಸೋಸಿ. ಎಳೆ ಪಾಕಕ್ಕೆ ಬರಿಸಬೇಡಿ, ಫ್ರಿಜ್ಜಿನಲ್ಲಿ ಹರಳುಗಟ್ಟುತ್ತದೆ.

ಸುಮಾರು 290 ಮಿ.ಲೀ. ಸಿಗುತ್ತದೆ. ಒಂದು ಲೋಟಕ್ಕೆ 15 ಮಿ.ಲೀ., ಅಂದರೆ ಒಂದು ದೊಡ್ಡ ಚಮಚ. ಅದರಲ್ಲಿ ಸಕ್ಕರೆ ಸುಮಾರು 10 ಗ್ರಾಂ ಇರುವುದರಿಂದ ಬೇರೆ ಸಕ್ಕರೆ ಬೇಕಿಲ್ಲ. ಬಾಟಲಿಯನ್ನು ಕುದಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ತುಂಬಿಸಿ. ಮುಂಬೈಯ ಸೆಕೆಯಲ್ಲಿ ಹೊರಗಿಟ್ಟರೆ ಎರಡು ಮೂರು ದಿನಕ್ಕೇ ನೊರೆ ಬಂದು ಹುಳಿಯಾಗುತ್ತದೆ. ಚಳಿಗಾಲದಲ್ಲಿ ಒಳ್ಳೆಯ ನಾಗಪುರದ ಕಿತ್ತಳೆ ಸಿಕ್ಕರೆ, ಒಳಗಿನ ಬಿಳಿ ಭಾಗ ಬಾರದಂತೆ ಎರಡು ಎಸಳು ಸಿಪ್ಪೆ ಹೆರೆದು ಒಲೆ ಆರಿಸಿದ ಮೇಲೆ ಹಾಕಿ. ಬಿಳಿಯದು ಬಂದರೆ ಕಹಿ.

ಚಕ್ಕೆ ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ದಪ್ಪಗೆ, ಮರದ ತೊಗಟೆಯಂತೆ ಗಟ್ಟಿಯಾಗಿ ಒಂದೇ ಪದರವಿದ್ದರೆ ಅದು ಕ್ಯಾಸಿಯಾ. ತೆಳ್ಳಗೆ ಹಲವು ಪದರ ಸುತ್ತಿಕೊಂಡು, ಬೆರಳಲ್ಲಿ ಹಿಂಡಿದರೆ ಪುಡಿಯಾಗುವುದು ನಿಜವಾದ ದಾಲ್ಚಿನ್ನಿ. ಲಾಲ್‌ಬಾಗಿನ ಮಿರ್ಚಿ ಗಲ್ಲಿಯಲ್ಲೋ ಮಸ್ಜಿದ್ ಬಂದರ್‌ನಲ್ಲೋ ಹುಡುಕಿದರೆ ಎರಡೂ ಸಿಗುತ್ತವೆ. ಕ್ಯಾಸಿಯಾದ ಖಾರ ಡಿಕಾಕ್ಷನ್ನಿಗೆ ಎದುರು ನಿಲ್ಲುತ್ತದೆ ನಿಜ. ಆದರೆ ಅದರಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು, ದಿನವೂ ಬಹಳ ತಿಂದರೆ ಪಿತ್ತಜನಕಾಂಗಕ್ಕೆ ಒಳ್ಳೆಯದಲ್ಲ. ದಿನಾ ಕುಡಿಯುವವರು ತೆಳುವಾದದ್ದನ್ನೇ ತನ್ನಿ.

ಮಳೆಗಾಲ: ಶುಂಠಿ, ಮೆಣಸು, ಬೆಲ್ಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಸಾಟಿ ಇಲ್ಲ, ಹಾಲೂ ಬೇಡ. ಇಬ್ಬರಿಗೆ 350 ಮಿ.ಲೀ. ನೀರು, ಕುಟ್ಟಾಣಿಯಲ್ಲಿ ಜಜ್ಜಿದ ಒಂದಿಂಚು ಒಣಶುಂಠಿ, ಆರು ಕಾಳುಮೆಣಸು, ಒಂದು ಟೀ ಚಮಚ ಕೊತ್ತಂಬರಿ ಬೀಜ, ಕಾಲು ಚಮಚ ಜೀರಿಗೆ. ಕೊತ್ತಂಬರಿ, ಜೀರಿಗೆಯನ್ನು ಬರೀ ಬಾಣಲೆಯಲ್ಲಿ ಬೆಚ್ಚಗಾಗುವಷ್ಟು ಹುರಿದು ತರಿಯಾಗಿ ಕುಟ್ಟಿ. ಎಲ್ಲವೂ 5–6 ನಿಮಿಷ ಕುದಿದ ಮೇಲೆ 25 ಗ್ರಾಂ ಬೆಲ್ಲ ಹಾಕಿ, ಕರಗಿದ ನಂತರ ಒಲೆ ಆರಿಸಿ. ಆಮೇಲೆ ಎರಡು ತುಂಬು ಚಮಚ ಕಾಫಿಪುಡಿ ಹಾಕಿ ಕಲಕಿ, 4 ನಿಮಿಷ ಮುಚ್ಚಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಪುಡಿ ಹಾಕಿದ ಮೇಲೆ ಮತ್ತೆ ಕುದಿಸಿದರೆ ಕಾಫಿಯ ಕಹಿ ಮೇಲೇಳುತ್ತದೆ, ಶುಂಠಿಯ ರುಚಿ ಅದರಡಿ ಹೂತುಹೋಗುತ್ತದೆ. ಜೀರಿಗೆ ಕಾಲು ಚಮಚ ದಾಟಿದರೆ ಸಾರಿನ ನೆನಪು ಬರುತ್ತದೆ.

ಇದಕ್ಕೇ ಹಾಲು ಬೇಕು ಅಂದಾಗ ಕಷ್ಟ ಶುರು. ಬೆಲ್ಲ ಹಾಕಿದ ಕಾಫಿ ಒಡೆಯಿತು ಎನ್ನುವ ದೂರು ಎಲ್ಲ ಮನೆಯಲ್ಲೂ ಕೇಳುವಂಥದ್ದು. ಹುಳಿಯನ್ನು ಅಳೆಯುವ ಅಂಕಿ ಪಿಎಚ್, ಅದು ಇಳಿದಷ್ಟೂ ಹುಳಿ ಹೆಚ್ಚು. ಹಾಲಿನ ಪಿಎಚ್ ಸುಮಾರು 6.6ರಿಂದ 6.7. ಅದು 4.6ಕ್ಕೆ ಇಳಿದರೆ ತಣ್ಣನೆಯ ಹಾಲೂ ಪೂರ್ತಿ ಗಡ್ಡೆ ಕಟ್ಟುತ್ತದೆ. ಹಾಲು ಬಿಸಿಯಾಗಿದ್ದಷ್ಟೂ ಒಡೆಯಲು ಕಡಿಮೆ ಹುಳಿ ಸಾಕು, ಕುದಿಯುವಾಗಲಂತೂ ಬಹಳ ಸ್ವಲ್ಪ ಸಾಕು. ಬೆಲ್ಲದಲ್ಲಿ ಹುಳಿಯೂ ಇದೆ, ಲವಣಗಳೂ ಇವೆ. ಮಳೆಗಾಲದಲ್ಲಿ ನೀರೊಡೆದು ಮೆತ್ತಗಾದ ಬೆಲ್ಲದಲ್ಲಿ ಹುಳಿ ಇನ್ನೂ ಹೆಚ್ಚು. ಕಾಫಿ ತಾನೇ ಹುಳಿ ಪದಾರ್ಥ. ಮೂರೂ ಕುದಿಯುವ ಪಾತ್ರೆಯಲ್ಲಿ ಸೇರಿದರೆ ಹಾಲು ನಿಲ್ಲುವುದಾದರೂ ಹೇಗೆ?

ಉಪಾಯ ಇದೆ. ಬೆಲ್ಲವನ್ನು ಡಿಕಾಕ್ಷನ್ನಿನಲ್ಲಲ್ಲ, ಬೇರೆ ಎರಡು ಚಮಚ ನೀರಿನಲ್ಲಿ ಕುದಿಸಿ ಸೋಸಿ. ಹಾಲನ್ನು ಬೇರೆ ಕಾಯಿಸಿ, ಕೆಳಗಿಳಿಸಿ, 2–3 ನಿಮಿಷ ಆರಲು ಬಿಡಿ. ಪಾತ್ರೆಯ ಅಂಚಿನ ಗುಳ್ಳೆಗಳು ಅಡಗಬೇಕು. ಮೊದಲು ಹಾಲಿಗೆ ಡಿಕಾಕ್ಷನ್, ಕೊನೆಗೆ ಬೆಲ್ಲದ ನೀರು, ಕಲಕುತ್ತಾ. ಮತ್ತೆ ಒಲೆಗೆ ಏರಿಸಬಾರದು. ಹೊಸ ಬೆಲ್ಲ ತಂದ ದಿನ ಬಟ್ಟಲಿನಲ್ಲಿ ಎರಡು ಚಮಚ ಬಿಸಿ ಹಾಲಿಗೆ ಚೂರು ಬೆಲ್ಲ ಹಾಕಿ ನೋಡಿದರೆ ಅದರ ಗುಣ ತಿಳಿಯುತ್ತದೆ. ಸಣ್ಣ ಕಣಗಳು ಕಂಡರೆ ಆ ಬೆಲ್ಲ ಹಾಲಿನ ಕಾಫಿಗೆ ಬೇಡ, ಹೋಳಿಗೆಗೆ ಇರಲಿ.

ಹಸಿಶುಂಠಿಯದು ಬೇರೆಯೇ ಕಥೆ. ಅದರಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದೆ. ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಶುಂಠಿ ರಸದ ಮೇಲೆ ಬಿಸಿ ಹಾಲು ಸುರಿದು ಗಿಣ್ಣಿನಂಥ ಸಿಹಿಯನ್ನೇ ಮಾಡುತ್ತಾರೆ. ನಮಗೆ ಕಾಫಿ ಗಡ್ಡೆಯಾಗುವುದು ಬೇಡ, ಆದ್ದರಿಂದ ಹಸಿಶುಂಠಿಯನ್ನು ಮೊದಲು ನೀರಿನಲ್ಲಿ 3–4 ನಿಮಿಷ ಚೆನ್ನಾಗಿ ಕುದಿಸಿ. ಬಿಸಿಗೆ ಆ ಕಿಣ್ವ ಸಾಯುತ್ತದೆ. ತುರಿದ ಶುಂಠಿಯನ್ನು ನೇರವಾಗಿ ಬೆಚ್ಚಗಿನ ಹಾಲಿಗೆ ಹಾಕುವುದೇ ಬಹುತೇಕರು ಎಡವುವ ಜಾಗ. ಕಾಫಿಗೆ ಮಾತ್ರ ಒಣಶುಂಠಿಯೇ ಮೇಲು. ಹಸಿಯದು ಚಹಾದ ರುಚಿಯನ್ನೇ ಎಳೆದು ತರುತ್ತದೆ.

ಚಳಿಗಾಲ: ಜಾಯಿಕಾಯಿ, ಏಲಕ್ಕಿ

ಪುಣೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಚಳಿಗೆ ಇದು ಹೇಳಿ ಮಾಡಿಸಿದ್ದು. ಒಂದು ಲೋಟಕ್ಕೆ 120 ಮಿ.ಲೀ. ಹಾಲು, 40 ಮಿ.ಲೀ. ಡಿಕಾಕ್ಷನ್, ಒಂದು ಏಲಕ್ಕಿ. ಏಲಕ್ಕಿಯನ್ನು ಸಿಪ್ಪೆ ಸಮೇತ ಜಜ್ಜಿ, ಹಾಲು ಉಕ್ಕಿ ಬರುವ ಹೊತ್ತಿಗೆ ಹಾಕಿ ಒಲೆ ಆರಿಸಿ, ಮುಚ್ಚಳ ಮುಚ್ಚಿ 3 ನಿಮಿಷ. ಅಷ್ಟೇ. ಮೊದಲೇ ಹಾಕಿ ಹಾಲಿನ ಜೊತೆ ಕುದಿಸಿದರೆ ಅಡುಗೆಮನೆ ಘಮಘಮ, ಲೋಟದಲ್ಲಿ ಏನೂ ಇಲ್ಲ.

ಜಾಯಿಕಾಯಿ ತುರಿದು ಹಾಕಿದರೆ ಕಣಗಳು ನಾಲಿಗೆಗೆ ಸಿಗುತ್ತವೆ. ಸಾಣೆಕಲ್ಲು ಇದ್ದವರು ಅದನ್ನೇ ಹೊರತೆಗೆಯಿರಿ. ತೊಳೆದ ಕಲ್ಲಿನ ಮೇಲೆ ಅರ್ಧ ಚಮಚ ಹಾಲು ಬಿಟ್ಟು, ಜಾಯಿಕಾಯಿಯನ್ನು ಹತ್ತು ಹನ್ನೆರಡು ಸುತ್ತು ತೇಯಿರಿ. ಹಾಲು ನಿಧಾನಕ್ಕೆ ಕಂದುಬಣ್ಣಕ್ಕೆ ತಿರುಗಿ, ಗಂಧದಂತೆ ದಪ್ಪಗಾಗಿ, ಅಂಚಿನಲ್ಲಿ ಎಣ್ಣೆಯ ಸಣ್ಣ ಹೊಳಪು ಕಾಣಿಸುತ್ತದೆ. ಅದನ್ನು ಬೆರಳಿನಿಂದ ಬಳಿದು ನಾಲ್ಕು ಲೋಟದ ಹಾಲಿಗೆ ಸೇರಿಸಿ. ಒಂದು ಕಣವೂ ಸಿಗುವುದಿಲ್ಲ. ಕಲ್ಲಿಲ್ಲದವರು ಅತಿ ಸಣ್ಣ ತುರಿಮಣೆಯಲ್ಲಿ ಲೋಟಕ್ಕೆ ಎರಡೇ ಎರಡು ಸಲ ಉಜ್ಜಿ. ಜಾಯಿಕಾಯಿಯನ್ನು ಕೈಯಳತೆಗೆ ಬಿಡಬಾರದು. ಚಮಚಗಟ್ಟಲೆ ಹೊಟ್ಟೆಗೆ ಹೋದರೆ ತಲೆಸುತ್ತು, ವಾಂತಿ, ಎದೆಬಡಿತ, ಭ್ರಮೆ ಬರುವಷ್ಟು ವಿಷ ಅದು. ಚಿಟಿಕೆಯಲ್ಲಿ ಏನೂ ಆಗುವುದಿಲ್ಲ, ಹಾಗೆಯೇ ಚಿಟಿಕೆಗಿಂತ ಹೆಚ್ಚಿನದು ರುಚಿಗೂ ಬೇಕಿಲ್ಲ.

ಹಾಲು ಯಾವುದು? ಫುಲ್ ಕ್ರೀಮ್‌ನಲ್ಲಿ ಕೊಬ್ಬು 6%, ಟೋನ್ಡ್‌ನಲ್ಲಿ 3%. ಏಲಕ್ಕಿ, ಜಾಯಿಕಾಯಿಗೆ ಫುಲ್ ಕ್ರೀಮ್ ಬೇಕು, ಘಮ ಬಾಯಲ್ಲಿ ನಿಲ್ಲುತ್ತದೆ. ತಬೇಲದ ಎಮ್ಮೆ ಹಾಲು ಇನ್ನೂ ಗಟ್ಟಿ. ಅದರಲ್ಲಿ ಕಾಫಿಯೇ ಮುಳುಗಿ ಹೋಗುವುದರಿಂದ ಕಾಲು ಭಾಗ ನೀರು ಸೇರಿಸಿ ಇಲ್ಲವೇ ಡಿಕಾಕ್ಷನ್ ಹೆಚ್ಚಿಸಿ. ಪಾಕ ಹಾಕುವ ಕಾಫಿಗೆ ಟೋನ್ಡ್ ಸಾಕು.

ಕೋಜಾಗಿರಿ ಹುಣ್ಣಿಮೆಗೆ ಮಾಡಿದ ಮಸಾಲೆ ಹಾಲು ಉಳಿದಿದ್ದರೆ ಮರುದಿನ 120 ಮಿ.ಲೀ.ಗೆ 40 ಮಿ.ಲೀ. ಡಿಕಾಕ್ಷನ್ ಹಾಕಿ ಕುಡಿದು ನೋಡಿ. ಬಾದಾಮಿ, ಪಿಸ್ತಾದ ತರಿ ಸೋಸಿಬಿಡಿ. ಕಾಫಿಗೆಂದೇ ಮಾಡುವುದಾದರೆ ಕೇಸರಿ ಹಾಕಬೇಡಿ. ಕಾಫಿಯ ಹುರಿದ ಕಹಿಯೆದುರು ಕೇಸರಿ ಉಸಿರೆತ್ತುವುದಿಲ್ಲ, ದುಡ್ಡು ದಂಡ.

ಅಕ್ಟೋಬರ್ ಸೆಕೆಗೆ ಕುಂಬಳ ಕಾಫಿ

ಅಮೆರಿಕದಲ್ಲಿ ಸ್ಟಾರ್‌ಬಕ್ಸ್ 2003ರಲ್ಲಿ ಶುರುಮಾಡಿದ ಪಂಪ್ಕಿನ್ ಸ್ಪೈಸ್ ಲ್ಯಾಟೆಯಲ್ಲಿ 2015ರವರೆಗೆ ಕುಂಬಳಕಾಯಿಯೇ ಇರಲಿಲ್ಲ, ಇದ್ದದ್ದು ಕುಂಬಳದ ಕಡುಬಿಗೆ ಅಲ್ಲಿನವರು ಹಾಕುವ ಮಸಾಲೆ. ಅಲ್ಲಿ ಅದು ಎಲೆ ಉದುರುವ ಕಾಲದ ಬಿಸಿ ಪಾನೀಯ. ಮುಂಬೈಗೆ ಅಕ್ಟೋಬರ್ ಎಂದರೆ ಬೆವರು. ಇಲ್ಲಿ ಅದನ್ನು ತಣ್ಣಗೆ ಮಾಡಿದರೇ ಚೆನ್ನ.

ತರಕಾರಿಯವನ ಹತ್ತಿರ ಲಾಲ್ ಭೋಪಳಾ, ನಮ್ಮ ಸಿಹಿಗುಂಬಳ, ಹೋಳು ಮಾಡಿ ಕೊಡುತ್ತಾರೆ. ಕೆಂಪು ಹೆಚ್ಚಿರುವ ಹೋಳನ್ನೇ ಆರಿಸಿ. ಸಿಪ್ಪೆ ತೆಗೆದು, ನೀರು ತಾಗದಂತೆ ಬಟ್ಟಲಿನಲ್ಲಿಟ್ಟು ಕುಕ್ಕರಿನಲ್ಲಿ ಎರಡು ಕೂಗು ಕೂಗಿಸಿ, ನುಣ್ಣಗೆ ರುಬ್ಬಿ. ಇಬ್ಬರಿಗೆ 60 ಗ್ರಾಂ ಸಾಕು. ಇದನ್ನು 40 ಮಿ.ಲೀ. ಪಾಕದ ಜೊತೆ ದಪ್ಪ ತಳದ ಪಾತ್ರೆಯಲ್ಲಿ 5–6 ನಿಮಿಷ ಮಗುಚಬೇಕು. ಈ ಹಂತ ಬಿಟ್ಟರೆ ಪಲ್ಯದ ಹಸಿವಾಸನೆ ಕಾಫಿಯಲ್ಲಿ ಉಳಿಯುತ್ತದೆ. ತಣ್ಣಗಾದ ಮೇಲೆ 250 ಮಿ.ಲೀ. ತಣ್ಣನೆಯ ಹಾಲು, ನಾಲ್ಕು ಹರಳು ಉಪ್ಪು ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ, ಸೋಸಿ, 80 ಮಿ.ಲೀ. ಡಿಕಾಕ್ಷನ್ ಬೆರೆಸಿ. ಐಸ್ ಕರಗಿ ನೀರಾಗುವುದು ಬೇಡವೆಂದರೆ ಡಿಕಾಕ್ಷನ್ನನ್ನೇ ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ, ಹಾಗಾಗಿ ಲೋಟಕ್ಕೆ 15ರ ಬದಲು 20 ಮಿ.ಲೀ. ಪಾಕ ಲೆಕ್ಕ ಹಾಕಿದ್ದು.

ಕೋಲ್ಡ್ ಬ್ರೂ, ಅಂದರೆ ತಣ್ಣೀರಿನಲ್ಲೇ ನೆನೆಸಿ ಇಳಿಸುವ ಕಾಫಿ ಮಾಡುವವರಿಗೆ: ಚಿಕೋರಿ ಇಲ್ಲದ, ರವೆಯಂತೆ ತರಿಯಾಗಿ ಬೀಸಿದ 60 ಗ್ರಾಂ ಪುಡಿ, 500 ಮಿ.ಲೀ. ನೀರು, ಫ್ರಿಜ್ಜಿನಲ್ಲೇ 14 ಗಂಟೆ. ಚಕ್ಕೆ, ಲವಂಗ ತಣ್ಣೀರಿಗೆ ಬಿಸಿನೀರಿನಷ್ಟು ರಸ ಬಿಡುವುದಿಲ್ಲ, ಅದರಲ್ಲಿ ನೆನೆಹಾಕಿ ಹೆಚ್ಚು ಪ್ರಯೋಜನವಿಲ್ಲ. ಸೋಸಿದ ಮೇಲೆ ಪಾಕ ಬೆರೆಸಿಕೊಳ್ಳಿ. ಕರಾವಳಿಯ ಮಳೆಗಾಳಿಗೆ ಒಡ್ಡಿ ಹದ ಮಾಡುವ ಮಾನ್ಸೂನ್ಡ್ ಮಲಬಾರ್ ಬೀಜ ಸಿಕ್ಕರೆ ಇದಕ್ಕೆ ಬಳಸಿ. ಹುಳಿ ಕಡಿಮೆ, ಮಸಾಲೆಗೆ ಚೆನ್ನಾಗಿ ಹೊಂದುತ್ತದೆ.

ಗೋವಾದ ಕಪ್ಪು ಬೆಲ್ಲ, ತೆಂಗಿನಹಾಲು

ಗೋವಾದಲ್ಲಿರುವವರು ಮಾಪುಸಾದ ಶುಕ್ರವಾರದ ಸಂತೆಯಲ್ಲೋ ಮಡಗಾಂವ್ ಮಾರ್ಕೆಟ್ಟಿನಲ್ಲೋ ತೆಂಗಿನ ನೀರಾದಿಂದ ಮಾಡಿದ ಕಪ್ಪು ಬೆಲ್ಲ ತನ್ನಿ. ಗೋವಾದ ದೊದೋಲ್ ಎಂಬ ಸಿಹಿಗೆ ಹಾಕುವುದು ಇದನ್ನೇ. ಸ್ವಲ್ಪ ಉಪ್ಪುಪ್ಪಾಗಿ, ಹೊಗೆಯ ರುಚಿ ಇರುತ್ತದೆ. ತೆಂಗಿನಹಾಲಿನಲ್ಲಿ ಹಸುವಿನ ಹಾಲಿನ ಕೇಸೀನ್ ಎಂಬ ಪ್ರೋಟೀನ್ ಇಲ್ಲದ್ದರಿಂದ ಬೆಲ್ಲಕ್ಕೆ ಒಡೆಯುವ ಭಯವಿಲ್ಲ. ಅದು ಬೇರ್ಪಡುವುದು ಕುದಿಗೆ.

ಇಬ್ಬರಿಗೆ ಅರ್ಧ ಕಾಯಿ ತುರಿದು, 100 ಮಿ.ಲೀ. ಬೆಚ್ಚಗಿನ ನೀರಿನಲ್ಲಿ ರುಬ್ಬಿ ಹಿಂಡಿ ಗಟ್ಟಿ ಹಾಲು ತೆಗೆದಿಡಿ. ಅದೇ ಕಾಯಿಗೆ ಮತ್ತೆ 100 ಮಿ.ಲೀ. ನೀರು ಹಾಕಿ ಎರಡನೇ ಹಾಲು. 25 ಗ್ರಾಂ ಬೆಲ್ಲ, ಒಂದಿಂಚು ಚಕ್ಕೆಯನ್ನು 50 ಮಿ.ಲೀ. ನೀರಿನಲ್ಲಿ 4 ನಿಮಿಷ ಕುದಿಸಿ ಬಟ್ಟೆಯಲ್ಲಿ ಸೋಸಿ. ಈ ಬೆಲ್ಲದಲ್ಲಿ ಕಸ, ಮರಳು ಸಾಮಾನ್ಯ, ಸೋಸದೆ ಬಿಡಬೇಡಿ. ಎರಡನೇ ಹಾಲು, ಬೆಲ್ಲದ ನೀರು ಸೇರಿಸಿ ಹಬೆ ಏಳುವವರೆಗೆ ಕಾಯಿಸಿ, 80 ಮಿ.ಲೀ. ಡಿಕಾಕ್ಷನ್ ಹಾಕಿ, ಒಲೆ ಆರಿಸಿದ ಮೇಲೆ ಗಟ್ಟಿ ಹಾಲು. ಏಲಕ್ಕಿ ಬೇಡ, ಪಾಯಸವಾಗಿಬಿಡುತ್ತದೆ. ಇದಕ್ಕೆ ರೋಬಸ್ಟಾ ಹೆಚ್ಚಿರುವ ಪುಡಿ ಬೇಕು, ನಯವಾದ ಅರೇಬಿಕಾ ತೆಂಗಿನೆದುರು ಸೋಲುತ್ತದೆ.

ಮಸಾಲೆಯನ್ನು ಇಡಿಯಾಗಿಯೇ ಇಟ್ಟುಕೊಂಡು ಬೇಕಾದಾಗ ಜಜ್ಜಿ. ಈ ಊರುಗಳ ತೇವಕ್ಕೆ ಪುಡಿಗಳು ವಾರದಲ್ಲೇ ಮುದ್ದೆಗಟ್ಟುತ್ತವೆ. ಕಾಫಿಪುಡಿ ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ, ತಣ್ಣನೆಯ ಪುಡಿಯ ಮೇಲೆ ಗಾಳಿಯ ನೀರು ಕೂರುತ್ತದೆ. ಡಬ್ಬಿ ಹೊರಗಿನ ಬಿಸಿಗೆ ಬರಲಿ, ಆಮೇಲೆ ತೆರೆಯಿರಿ. ಕುಂಬಳ ತಿರುಗಿಸಿದ ಮಿಕ್ಸಿ ಜಾರಿನ ರಬ್ಬರಿಗೆ ಲವಂಗದ ವಾಸನೆ ಹಿಡಿದಿರುತ್ತದೆ. ರಬ್ಬರ್ ಬಿಚ್ಚಿ, ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ಫಿಲ್ಟರಿನ ತೂತು ಕಟ್ಟಿದ್ದರೆ ಮೇಲಿನ ಪಾತ್ರೆಯನ್ನು ಇಕ್ಕುಳದಲ್ಲಿ ಹಿಡಿದು ತಳವನ್ನು ಸಣ್ಣ ಉರಿಗೆ ಹಿಡಿಯಿರಿ, ಸಿಕ್ಕಿಕೊಂಡ ಪುಡಿ ಸುಟ್ಟು ಉದುರುತ್ತದೆ. ಆರಿದ ಮೇಲೆ ಬ್ರಷ್ಷಿನಲ್ಲಿ ಉಜ್ಜಿ ತೊಳೆದು, ಬೆಳಕಿಗೆ ಹಿಡಿದು ಪ್ರತಿಯೊಂದು ತೂತೂ ಕಾಣುತ್ತದೆಯೇ ನೋಡಿ.